ತಿಗರಿ ಮತ್ತು ಪರದೆ

ಮನುಷ್ಯನು ಬಳಸುವ ಯಂತ್ರಗಳಿಗೆಲ್ಲ ಒಂದು ಒಡಲೂ ಒಂದು ಮುಖವೂ ಇರುತ್ತವೆ. ಗಡಿಯಾರದ ಒಡಲಿನಲ್ಲಿ ಹಲ್ಲುಚಕ್ರಗಳು ತಿರುಗುತ್ತವೆ. ನಾವು ಹೊತ್ತು ತಿಳಿಯುವುದು ಮಾತ್ರ ಅದರ ಮುಖದ ಮೇಲಿನ ಮುಳ್ಳುಗಳಿಂದ. ರೈಲುನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ದೊಡ್ಡದೊಂದು ವ್ಯವಸ್ಥೆಯೇ ದುಡಿಯುತ್ತಿರುತ್ತದೆ. ಪ್ರಯಾಣಿಕನ ಪಾಲಿಗೆ ರೈಲ್ವೆಯೆಂದರೆ ಆ ಕಿಂಡಿಯೇ. ಕಿಂಡಿ ತೀರ ಎತ್ತರದಲ್ಲಿದ್ದರೆ ಮಕ್ಕಳಿಗೂ ಮುದುಕರಿಗೂ ಒಳಗಿನ ವ್ಯವಸ್ಥೆ ಎಷ್ಟು ಸಮರ್ಥವಾಗಿದ್ದರೂ ಪ್ರಯೋಜನವಿಲ್ಲ. ಇಂದು ಜಮೀನಿನ ದಾಖಲೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ವ್ಯವಹಾರ ಮುಂತಾದ ಅನೇಕ ಕೆಲಸಗಳು ಅಂತರ್ಜಾಲದ ಮೂಲಕ ನಡೆಯುತ್ತಿವೆ. ಕಚೇರಿಯ ಕಿಂಡಿ ಇದ್ದ ಸ್ಥಳಕ್ಕೆ ಗಣಕಯಂತ್ರದ ಅಥವಾ ಮೊಬೈಲಿನ ಪರದೆ ಬಂದಿದೆ. ಆ ಪರದೆಯ ಮೇಲೆ ಕಾಣುವ ಬರಹ, ತುಂಬಬೇಕಾದ ಖಾಲಿ ಮನೆಗಳು, ಒತ್ತಬೇಕಾದ ಗುಂಡಿಗಳು, ಬಣ್ಣ, ಚಿತ್ರ ಇವೆಲ್ಲ ಸೇರಿ ಆ ಸೇವೆಯ ಮುಖವಾಗುತ್ತವೆ. ತಂತ್ರಜ್ಞರು ಇದನ್ನು ಇಂಟರ್‌ಫೇಸ್ ಎನ್ನುತ್ತಾರೆ.

ಈ ಮುಖವನ್ನು ರಚಿಸುವುದು ಒಂದು ಕಾಲದಲ್ಲಿ ಕೆಲವೇ ಪರಿಣತರ ಕೆಲಸವಾಗಿತ್ತು. ಈಗ ಪರದೆಯ ಮೇಲೆ ಚಿತ್ರ ಬರೆದಂತೆ ಅದನ್ನು ರೂಪಿಸಬಲ್ಲ ಸಾಧನಗಳು ಬಂದಿವೆ. ಹೈಸ್ಕೂಲಿನ ವಿದ್ಯಾರ್ಥಿಯೂ ಕೆಲವು ದಿನಗಳ ಅಭ್ಯಾಸದಿಂದ ಇವುಗಳನ್ನು ಬಳಸಬಹುದು. ಇದು ಸಂತೋಷದ ಸಂಗತಿ. ಆದರೆ ಸಾಧನ ಸುಲಭವಾದ ಮಾತ್ರಕ್ಕೆ ಅದರಿಂದ ಮೂಡುವ ಮುಖವೂ ಬಳಸುವವನಿಗೆ ಸುಲಭವಾಗುತ್ತದೆಯೆ? ತಾನಾಗಿಯೇ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬರೆಯುವವನ ಶ್ರಮ ಕಡಿಮೆಯಾದಷ್ಟೂ, ಬಳಸುವವನನ್ನು ಕುರಿತು ಅವನು ಮಾಡಬೇಕಾದ ಯೋಚನೆ ಹೆಚ್ಚಬೇಕು.

ಇಂಥ ಸಾಧನಗಳ ಇತಿಹಾಸವನ್ನು ಸ್ಥೂಲವಾಗಿ ನೋಡೋಣ. 1963ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಎಂಬ ಸಂಶೋಧಕನು ಬೆಳಕಿನ ಲೇಖನಿಯಿಂದ ಗಣಕಯಂತ್ರದ ಪರದೆಯ ಮೇಲೆಯೇ ಗೆರೆಗಳನ್ನು ಎಳೆಯಬಹುದೆಂದು ತೋರಿಸಿಕೊಟ್ಟನು. ಅವನ ಆ ತಂತ್ರಾಂಶಕ್ಕೆ ಸ್ಕೆಚ್‌ಪ್ಯಾಡ್ ಎಂದು ಹೆಸರು. 1990ರಲ್ಲಿ ಟಿಮ್ ಬರ್ನರ್ಸ್ ಲೀ ರಚಿಸಿದ ಮೊದಲನೆಯ ವೆಬ್ ಬ್ರೌಸರ್ ಪುಟಗಳನ್ನು ನೋಡುವ ಸಾಧನವಾಗಿದ್ದಂತೆಯೇ ಪುಟಗಳನ್ನು ಬರೆಯುವ ಸಾಧನವೂ ಆಗಿತ್ತು. 1991ರಲ್ಲಿ ಬಂದ ವಿಷುಯಲ್ ಬೇಸಿಕ್‌ನಲ್ಲಿ ಗುಂಡಿಗಳನ್ನೂ ಮನೆಗಳನ್ನೂ ಎಳೆದು ತಂದು ಬೇಕಾದಲ್ಲಿ ಇಡಬಹುದಾಗಿತ್ತು. 1997ರಲ್ಲಿ ಡ್ರೀಮ್‌ವೀವರ್ ಎಂಬ ತಂತ್ರಾಂಶ ವೆಬ್ ಪುಟಗಳಿಗೆ ಇಂಥದೇ ಅನುಕೂಲವನ್ನು ಒದಗಿಸಿತು. 2016ರಲ್ಲಿ ಸಾರ್ವಜನಿಕರಿಗೆ ದೊರೆತ ಫಿಗ್ಮಾ ಬ್ರೌಸರಿನಲ್ಲಿಯೇ ಕೆಲಸ ಮಾಡುತ್ತದೆ. ಬೇರೆ ಬೇರೆ ಊರುಗಳಲ್ಲಿರುವ ಹಲವರು ಏಕಕಾಲಕ್ಕೆ ಒಂದೇ ಚಿತ್ರವನ್ನು ತಿದ್ದಬಹುದು. ಪೆನ್‌ಪಾಟ್‌ನಂತಹ ಮುಕ್ತ ತಂತ್ರಾಂಶಗಳು ಉಚಿತವಾಗಿಯೂ ದೊರೆಯುತ್ತವೆ. ಇತ್ತೀಚೆಗಂತೂ ಬೇಕಾದುದನ್ನು ಮಾತಿನಲ್ಲಿ ವಿವರಿಸಿದರೆ ಪರದೆಯ ನಮೂನೆಯನ್ನು ತಾನೇ ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ.

ಇವುಗಳ ಕಾರ್ಯವಿಧಾನ ಕಠಿಣವೇನಲ್ಲ. ಪರದೆಯ ಮೇಲೆ ಮೊಬೈಲಿನ ಅಳತೆಯ ಒಂದು ಚೌಕಟ್ಟನ್ನು ಎಳೆಯಬೇಕು. ಅದರೊಳಗೆ ಶೀರ್ಷಿಕೆ, ಪ್ರಶ್ನೆ, ಉತ್ತರ ತುಂಬುವ ಮನೆ, ಗುಂಡಿ ಇವುಗಳನ್ನು ಜೋಡಿಸಬೇಕು. ಒಮ್ಮೆ ಬರೆದ ಗುಂಡಿಯನ್ನು ಮಾದರಿಯಾಗಿ ಇಟ್ಟುಕೊಂಡು ನೂರು ಕಡೆ ಬಳಸಬಹುದು. ಮಾದರಿಯ ಬಣ್ಣವನ್ನು ಬದಲಿಸಿದರೆ ನೂರು ಕಡೆಯೂ ಬದಲಾಗುತ್ತದೆ. ಒಂದು ಚೌಕಟ್ಟಿನ ಗುಂಡಿಯಿಂದ ಇನ್ನೊಂದು ಚೌಕಟ್ಟಿಗೆ ಗೆರೆ ಎಳೆದರೆ, ಆ ಗುಂಡಿಯನ್ನು ಒತ್ತಿದಾಗ ಮುಂದಿನ ಪರದೆ ತೆರೆಯುತ್ತದೆ. ಹೀಗೆ ನಿಜವಾದ ತಂತ್ರಾಂಶವನ್ನು ಬರೆಯುವ ಮೊದಲೇ ಅದು ಹೇಗೆ ನಡೆಯುತ್ತದೆಂಬುದನ್ನು ಕಣ್ಣಾರೆ ಕಾಣಬಹುದು. ಕಟ್ಟಡಕ್ಕೆ ನಕ್ಷೆ ಹೇಗೋ ವೆಬ್ ಸೇವೆಗೆ ಈ ಚಿತ್ರ ಹಾಗೆ.

ಕೆಲವರು ಈ ಕೆಲಸವನ್ನು ಹಗುರವಾಗಿ ಕಾಣುವುದುಂಟು. ಒಳಗಿನ ಲೆಕ್ಕಾಚಾರವನ್ನು ಬರೆಯುವುದೇ ನಿಜವಾದ ಎಂಜಿನಿಯರಿಂಗ್, ಪರದೆಯನ್ನು ಬರೆಯುವುದು ಬರಿಯ ಅಲಂಕಾರ ಎಂಬುದು ಅವರ ವಾದ. ಇದು ಸರಿಯಲ್ಲ. ಗೋಡೆ ಕಟ್ಟಿದ ಮೇಲೆ ಬಾಗಿಲನ್ನು ಬೇರೆ ಕಡೆಗೆ ಸರಿಸುವುದು ಎಷ್ಟು ವೆಚ್ಚದ ಕೆಲಸವೆಂಬುದನ್ನು ಮನೆ ಕಟ್ಟಿಸಿದವರೆಲ್ಲ ಬಲ್ಲರು. ನಕ್ಷೆಯಲ್ಲಾದರೆ ಅದು ಒಂದು ಗೆರೆಯನ್ನು ಅಳಿಸಿ ಇನ್ನೊಂದನ್ನು ಎಳೆದಷ್ಟೇ ಸುಲಭ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ಮಚ್ಛೆಯ ಬಳಿ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಪಾಲು ಇದಕ್ಕೆ ಸೇರಿದವು. ಅಲ್ಲಿಂದ ಪದವಿ ಪಡೆದವರು ರಚಿಸುವ ಸೇವೆಗಳನ್ನು ಬಳಸಬೇಕಾದವರಲ್ಲಿ ಅದೇ ದಾರಿಯಲ್ಲಿ ಸಂತೆಗೆ ಹೋಗುವ ರೈತರೂ ಇದ್ದಾರೆ. ಆ ರೈತನ ಕೈಗೆ ನಿಲುಕುವ ಮುಖವನ್ನು ಕೊಡದಿದ್ದರೆ ಒಳಗಿನ ಲೆಕ್ಕಾಚಾರ ಎಷ್ಟು ನಿರ್ದುಷ್ಟವಾಗಿದ್ದರೇನು?

ಖಾನಾಪುರದ ಹೆಸರನ್ನು ಎತ್ತಿದೊಡನೆ ಅಲ್ಲಿಯ ಮಣ್ಣಿನ ಕೆಲಸ ನೆನಪಾಗುತ್ತದೆ. ಗಡಿಗೆ, ಹರವಿ, ಹೂಕುಂಡ, ಹೆಂಚುಗಳಿಗೆ ಈ ಊರು ಬಹುಕಾಲದಿಂದ ಪ್ರಸಿದ್ಧವಾಗಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗಕ್ಕೆ ಸೇರಿದ ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲಿಯೇ ಇದೆ. ಹಿಂದೆ ಕುಂಬಾರನು ಕೋಲಿನಿಂದ ತಿಗರಿಯನ್ನು ತಿರುಗಿಸಿ, ಅದರ ವೇಗ ತಗ್ಗುವುದರೊಳಗೆ ಮಣ್ಣಿಗೆ ರೂಪ ಕೊಡಬೇಕಾಗಿತ್ತು. ಈಗ ವಿದ್ಯುತ್ತಿನಿಂದ ತಿರುಗುವ ತಿಗರಿ ಬಂದಿದೆ. ತೋಳಿನ ಶ್ರಮ ಉಳಿಯಿತು. ದಿನಕ್ಕೆ ತೆಗೆಯುವ ಗಡಿಗೆಗಳ ಸಂಖ್ಯೆ ಹೆಚ್ಚಿತು. ಆದರೆ ನೀರಿನ ಕೊಡಕ್ಕೆ ಕಂಠ ಕಿರಿದಾಗಿರಬೇಕು, ಅಡಿಗೆಯ ಗಡಿಗೆಗೆ ಸೌಟು ಆಡುವಷ್ಟು ಬಾಯಿ ಅಗಲವಾಗಿರಬೇಕು ಎಂಬ ತಿಳಿವಳಿಕೆ ವಿದ್ಯುತ್ತಿನಿಂದ ಬರುವುದಿಲ್ಲ. ಅದು ಗಡಿಗೆಯನ್ನು ಎತ್ತುವ, ಇಳಿಸುವ, ತೊಳೆಯುವ ಕೈಗಳನ್ನು ಬಲ್ಲ ಕುಂಬಾರನಿಂದ ಬರುತ್ತದೆ. ಚಿತ್ರ ಬರೆಯುವ ತಂತ್ರಾಂಶವೂ ಒಂದು ವಿದ್ಯುತ್ ತಿಗರಿಯೇ. ಅದು ನಮ್ಮ ಶ್ರಮವನ್ನು ಉಳಿಸುತ್ತದೆ. ಬಳಸುವವನ ಕೈಯನ್ನು ಅದು ಬಲ್ಲದಲ್ಲ.

ಈ ಸಾಧನಗಳು ನಮ್ಮನ್ನು ಎಲ್ಲಿ ಮರುಳುಗೊಳಿಸುತ್ತವೆ ಎಂಬುದನ್ನು ಪರಿಶೀಲಿಸೋಣ. ಚಿತ್ರದಲ್ಲಿ ಎಲ್ಲವೂ ಅಂದವಾಗಿರುತ್ತದೆ. ಅಲ್ಲಿಯ ಹೆಸರುಗಳು ಚಿಕ್ಕವು, ವಿಳಾಸಗಳು ಒಂದೇ ಸಾಲಿನವು, ಭಾವಚಿತ್ರಗಳು ಸ್ಪಷ್ಟವಾದವು. ಬರಹದ ಜಾಗವನ್ನು ತುಂಬಲು ಅರ್ಥವಿಲ್ಲದ ಲ್ಯಾಟಿನ್ ಮಾತುಗಳನ್ನು ಹಾಕುವ ರೂಢಿಯೂ ಇದೆ. ಹೀಗೆ ರೂಪುಗೊಂಡ ಪರದೆಗೆ ಕೊನೆಯಲ್ಲಿ ಕನ್ನಡದ ಮಾತುಗಳನ್ನು ತಂದು ತುರುಕುತ್ತಾರೆ. ಆಗ ತೊಡಕು ತೋರುತ್ತದೆ. 'ಸೇವ್' ಎಂಬ ಪುಟ್ಟ ಮಾತಿಗೆ ಅಳೆದು ಮಾಡಿದ ಗುಂಡಿಯಲ್ಲಿ 'ಉಳಿಸಿಕೊಳ್ಳಿ' ಎಂಬ ಮಾತು ಹಿಡಿಸುವುದಿಲ್ಲ. ಅದು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ಸ್ವಾತಂತ್ರ್ಯ', 'ಲಕ್ಷ್ಮೀ', 'ಸ್ತ್ರೀ' ಎಂಬ ಶಬ್ದಗಳನ್ನು ಬರೆದು ನೋಡಿ. ಇಂಗ್ಲಿಷಿಗೆಂದು ಗೊತ್ತುಮಾಡಿದ ಸಾಲಿನ ಅಂತರದಲ್ಲಿ ಇವನ್ನು ಅಚ್ಚು ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 1991ರಲ್ಲಿ ಬಂದ ಯೂನಿಕೋಡ್ ಸಂಕೇತಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿತು. ಗಣಕಯಂತ್ರ ಕನ್ನಡವನ್ನು ಅರಿತಿದೆ. ಚಿತ್ರ ಬರೆಯುವವನು ಅದನ್ನು ಮೊದಲಿನಿಂದಲೂ ನೆನಪಿಡಬೇಕಾಗಿದೆ. ಪರದೆಯನ್ನು ಬರೆಯುವಾಗ ಮೊದಲನೆಯ ಮಾತನ್ನೇ ಕನ್ನಡದಲ್ಲಿ ಬರೆಯುವುದು ಇದಕ್ಕೆ ಸುಲಭವಾದ ಪರಿಹಾರ.

ಲಿಪಿಯ ಪ್ರಶ್ನೆಗಿಂತಲೂ ಸೂಕ್ಷ್ಮವಾದುದು ಮಾತಿನ ಪ್ರಶ್ನೆ. ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಗಳ ವಿವರವಿರುವ ಪತ್ರವನ್ನು ಸರ್ಕಾರಿ ಭಾಷೆಯಲ್ಲಿ ಆರ್‌ಟಿಸಿ ಎನ್ನುತ್ತಾರೆ. ಹಳೆಯ ಮೈಸೂರಿನ ಕಡೆ ಅದು ಪಹಣಿ. ಬೆಳಗಾವಿ, ಖಾನಾಪುರಗಳ ಕಡೆ ಜನರ ಬಾಯಲ್ಲಿ ಅದು ಉತಾರ. ಇಲ್ಲಿ ಕನ್ನಡ ಮಾತನಾಡುವವರೂ ಮರಾಠಿ ಮಾತನಾಡುವವರೂ ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ ವಾಸಿಸುತ್ತಾರೆ. ಉತಾರ ಎಂಬುದು ಇಬ್ಬರಿಗೂ ತಿಳಿಯುವ ಮಾತು. ಪರದೆಯ ಗುಂಡಿಯ ಮೇಲೆ 'ಪಹಣಿ' ಎಂದಷ್ಟೇ ಇದ್ದರೆ, ಉತಾರವನ್ನು ಹುಡುಕುವ ರೈತನು ಆ ಗುಂಡಿಯನ್ನು ದಾಟಿ ಮುಂದೆ ಹೋಗಬಹುದು. 'ಪಹಣಿ' ಎಂಬುದರ ಪಕ್ಕದಲ್ಲಿ 'ಉತಾರ' ಎಂಬ ಮೂರು ಅಕ್ಷರಗಳನ್ನು ಸೇರಿಸಲು ಎಷ್ಟು ಜಾಗ ಬೇಕು? ಜಾಗದ ಕೊರತೆ ಇಲ್ಲಿ ಅಡ್ಡಿಯಲ್ಲ; ಹಾಗೊಂದು ಮಾತು ಇದೆಯೆಂಬ ಅರಿವಿನ ಕೊರತೆಯೇ ಅಡ್ಡಿ.

ಹೆಸರಿನ ವಿಷಯವೂ ಹೀಗೆಯೇ. ಬೆಳಗಾವಿಯ ಕಡೆ ಮೊದಲು ತನ್ನ ಹೆಸರು, ಅನಂತರ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವುದು ವಾಡಿಕೆ. ದಕ್ಷಿಣದ ಜಿಲ್ಲೆಗಳಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸುವ ಪದ್ಧತಿ ಹೆಚ್ಚು. ಅನೇಕರಿಗೆ ಅಡ್ಡಹೆಸರೇ ಇರುವುದಿಲ್ಲ. ಒಂದು ಪದ್ಧತಿಯನ್ನು ಮಾತ್ರ ಬಲ್ಲವನು ಬರೆದ ಅರ್ಜಿಯಲ್ಲಿ ಇನ್ನೊಂದು ಪದ್ಧತಿಯ ವಿದ್ಯಾರ್ಥಿ ತನ್ನ ಹೆಸರನ್ನು ಎಲ್ಲಿ ತುಂಬಬೇಕೆಂದು ತಿಳಿಯದೆ ತಡವರಿಸುತ್ತಾನೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಅರ್ಜಿಯಲ್ಲಿ ಇನ್ನೊಂದು ಬಗೆಯಾದರೆ ಎರಡೂ ತಾಳೆಯಾಗದೆ ಅರ್ಜಿ ಹಿಂದಿರುಗುತ್ತದೆ. ಒಂದು ಖಾಲಿ ಮನೆಯನ್ನು ಹೇಗೆ ಎಳೆದರೆಂಬುದರ ಮೇಲೆ ಒಬ್ಬ ಬಡ ವಿದ್ಯಾರ್ಥಿಯ ವೇತನ ನಿಂತಿದೆ.

ಇನ್ನು ಪರಿಸರವನ್ನು ನೋಡೋಣ. ಬೆಳಗಾವಿ ನಗರದಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟೇ ದೂರ. ಆದರೆ ಆ ತಾಲ್ಲೂಕಿನ ಪಶ್ಚಿಮ ಭಾಗವೆಲ್ಲ ಸಹ್ಯಾದ್ರಿಯ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿದೆ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಧಾಮವೂ ಅಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ಎಡೆಬಿಡದೆ ಮಳೆ ಸುರಿಯುತ್ತದೆ. ಇಂಥ ಪ್ರದೇಶದಲ್ಲಿ ವಿದ್ಯುತ್ತು ಹೋಗುವುದೂ ಮೊಬೈಲಿನ ಸಂಪರ್ಕ ತಪ್ಪುವುದೂ ಹೊಸದಲ್ಲ. ನಗರದ ಕಚೇರಿಯಲ್ಲಿ ದೊಡ್ಡ ಪರದೆಯ ಮುಂದೆ, ವೇಗದ ಸಂಪರ್ಕದೊಡನೆ ಕುಳಿತು ಬರೆದ ಚಿತ್ರದಲ್ಲಿ ಗುಂಡಿ ಒತ್ತಿದ ಕೂಡಲೇ ಮುಂದಿನ ಪುಟ ತೆರೆಯುತ್ತದೆ. ಕಾಡಂಚಿನ ಊರಿನಲ್ಲಿ ಅದು ತೆರೆಯದೆ ನಿಂತರೆ ಏನಾಗಬೇಕು? ತುಂಬಿದ ವಿವರಗಳು ಉಳಿದಿವೆಯೆ, ಹೋದವೆ? ಕಟ್ಟಿದ ಹಣ ಸಂದಿತೆ, ಇಲ್ಲವೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಪರದೆಯನ್ನೂ ಯಾರಾದರೂ ಬರೆಯಬೇಕು. ಎಲ್ಲವೂ ಸರಿಯಾಗಿ ನಡೆದಾಗಿನ ಪರದೆಯನ್ನು ಎಲ್ಲರೂ ಬರೆಯುತ್ತಾರೆ. ಕೆಟ್ಟಾಗಿನ ಪರದೆಯನ್ನು ಬರೆದವನೇ ಜಾಣ.

ಇದೆಲ್ಲವನ್ನೂ ಅತಿ ಸಣ್ಣ ಸಂಗತಿಗಳೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ 'ಭೂಮಿ' ಯೋಜನೆಯೇ ಸಾಕ್ಷಿ. ಹಿಂದೆ ಜಮೀನಿನ ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದವು. ಒಂದು ನಕಲು ಬೇಕಾದರೆ ರೈತನು ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಕೆಲವೊಮ್ಮೆ ಲಂಚವನ್ನೂ ತೆರಬೇಕಾಗಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ಕಿಂಡಿಗಳನ್ನು ತೆರೆದರು. ಆಗ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ನಕಲನ್ನು ಪಡೆಯಬಹುದಾಗಿತ್ತು. ಆ ಕಿಂಡಿಗಳಲ್ಲಿ ಒಂದು ವಿಶೇಷವಿತ್ತು. ಸಿಬ್ಬಂದಿಯ ಮುಂದೆ ಇದ್ದ ಪರದೆಯಲ್ಲದೆ, ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನೂ ಇಟ್ಟಿದ್ದರು. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ರೈತನು ತಾನೇ ನೋಡಬಹುದಾಗಿತ್ತು. ಒಂದು ಪರದೆಯನ್ನು ಯಾರ ಕಡೆಗೆ ತಿರುಗಿಸಬೇಕು ಎಂಬ ಪ್ರಶ್ನೆ ತಾಂತ್ರಿಕವಾದುದೆಂದು ತೋರುತ್ತದೆ. ಆದರೆ ಅದು ನಂಬಿಕೆಯ, ನ್ಯಾಯದ ಪ್ರಶ್ನೆಯೂ ಹೌದು.

ಈಗ ದಾಖಲೆಯನ್ನು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ನೋಡಬಹುದು. ಎರಡು ಪರದೆಗಳ ಅಗತ್ಯವಿಲ್ಲ. ರೈತನ ಕೈಯಲ್ಲಿರುವುದೇ ಪರದೆ. ಆದರೆ ಆ ಪರದೆಯ ಮಾತು ಅವನಿಗೆ ತಿಳಿಯದಿದ್ದರೆ, ಗುಂಡಿ ಕಾಣದಿದ್ದರೆ, ಅವನು ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡುತ್ತಾನೆ. ಅದರೊಡನೆ ಗುಪ್ತಸಂಖ್ಯೆಯನ್ನೂ ಕೊಡುತ್ತಾನೆ. ಆಧಾರ್ ಸಂಖ್ಯೆಯನ್ನೂ ಬ್ಯಾಂಕಿನ ವಿವರವನ್ನೂ ಹೇಳುತ್ತಾನೆ. ಕೇಳಿದಷ್ಟು ಹಣವನ್ನೂ ಎಣಿಸುತ್ತಾನೆ. ಹಳೆಯ ಮಧ್ಯವರ್ತಿಯನ್ನು ಕಳುಹಿಸಲು ಪಟ್ಟ ಶ್ರಮವೆಲ್ಲ ಹೊಸ ಮಧ್ಯವರ್ತಿಯನ್ನು ಕರೆತಂದು ಕೂರಿಸುವುದರಲ್ಲಿ ಮುಗಿಯುತ್ತದೆ. ತೊಡಕಿನ ಪರದೆಗೆ ತೆರಬೇಕಾದ ಬೆಲೆ ಇದು. ಅದನ್ನು ತೆರುವವನು ಪರದೆಯನ್ನು ಬರೆದವನಲ್ಲ ಎಂಬುದೇ ಇದರಲ್ಲಿನ ಅನ್ಯಾಯ.

ಇದಕ್ಕೆ ಒಂದು ಆಕ್ಷೇಪವಿದೆ. ಊರೂರುಗಳಲ್ಲಿ ಗ್ರಾಮ ಒನ್ ಮುಂತಾದ ಸೇವಾಕೇಂದ್ರಗಳಿವೆ. ಅಲ್ಲಿಯವರು ಅರ್ಜಿಯನ್ನು ತುಂಬಿಕೊಡುತ್ತಾರೆ. ಆದ್ದರಿಂದ ಎಲ್ಲರೂ ಪರದೆಯನ್ನು ಬಳಸಲು ಕಲಿಯಬೇಕೆಂಬ ಹಟವೇಕೆ ಎಂದು ಕೇಳುವವರುಂಟು. ಅಂಥ ಕೇಂದ್ರಗಳು ಬೇಕು. ಓದುಬರಹ ಬಾರದವರಿಗೆ ಅವು ದೊಡ್ಡ ಆಸರೆ. ಆದರೆ ನೆರವು ಎಂಬುದು ಬೇಕೆಂದಾಗ ಪಡೆಯುವಂಥದಾಗಿರಬೇಕು, ಬೇರೆ ದಾರಿಯೇ ಇಲ್ಲದೆ ಪಡೆಯುವಂಥದಾಗಬಾರದು. ಅಲ್ಲದೆ, ಕೇಂದ್ರದಲ್ಲಿ ಕುಳಿತವನೂ ಅದೇ ಪರದೆಯನ್ನು ದಿನಕ್ಕೆ ಹತ್ತಾರು ಬಾರಿ ತುಂಬಬೇಕು. ಸರಳವಾದ ಪರದೆ ಅವನ ಸಮಯವನ್ನೂ ಉಳಿಸುತ್ತದೆ. ಸರದಿಯಲ್ಲಿ ನಿಂತವರ ಕಾಲುಗಳನ್ನೂ ಉಳಿಸುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ರಾಜ್ಯಕ್ಕೆಲ್ಲ ಒಂದೇ ಸೇವೆ; ಒಂದೊಂದು ತಾಲ್ಲೂಕಿಗೂ ಒಂದೊಂದು ಪರದೆಯನ್ನು ಬರೆಯಲಾದೀತೆ? ಆಗದು, ಬೇಕಾಗಿಯೂ ಇಲ್ಲ. ಒಂದೇ ಪರದೆ ಹಲವು ಕಡೆಯ ಜನಕ್ಕೆ ಒಗ್ಗುವಂತೆ ಮಾಡುವುದರಲ್ಲಿಯೇ ಇದರ ಕೌಶಲವಿದೆ. ಎರಡು ಹೆಸರುಗಳಿರುವ ವಸ್ತುವಿಗೆ ಎರಡನ್ನೂ ಬರೆಯಬಹುದು. ಮೂರು ತುಂಡಾಗಿ ಹೆಸರು ಕೇಳುವ ಬದಲು 'ಶಾಲೆಯ ದಾಖಲೆಯಲ್ಲಿ ಇರುವಂತೆ ಪೂರ್ಣ ಹೆಸರು' ಎಂಬ ಒಂದೇ ಉದ್ದನೆಯ ಮನೆಯನ್ನು ಕೊಡಬಹುದು. ತುಂಬಿದ ವಿವರ ಮೊಬೈಲಿನಲ್ಲಿಯೇ ಉಳಿದು, ಸಂಪರ್ಕ ಬಂದಾಗ ತಾನಾಗಿ ರವಾನೆಯಾಗುವಂತೆ ಮಾಡಬಹುದು. ಖಾನಾಪುರದ ರೈತನಿಗೆಂದು ಮಾಡಿದ ಈ ಅನುಕೂಲಗಳು ಕೊಡಗಿನವನಿಗೂ ಬೀದರಿನವನಿಗೂ ಉಪಕಾರವನ್ನೇ ಮಾಡುತ್ತವೆ. ಕಷ್ಟದಲ್ಲಿರುವವನಿಗಾಗಿ ಸಮತಟ್ಟು ಮಾಡಿದ ದಾರಿಯಲ್ಲಿ ಉಳಿದವರೂ ಎಡವದೆ ನಡೆಯುತ್ತಾರೆ.

ದೃಷ್ಟಿ ಮಂದವಾದವರ ಮಾತನ್ನೂ ಇಲ್ಲಿ ಹೇಳಬೇಕು. ಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರಗಳನ್ನು ಬರೆದರೆ ಚಿತ್ರ ಸೊಗಸಾಗಿ ಕಾಣಬಹುದು. ಬಿಸಿಲಿನಲ್ಲಿ ನಿಂತು ಮೊಬೈಲ್ ನೋಡುವ ಮುದುಕನಿಗೆ ಅದು ಕಾಣಿಸುವುದೇ ಇಲ್ಲ. ಸಾಧಾರಣ ಗಾತ್ರದ ಅಕ್ಷರ ಮತ್ತು ಹಿನ್ನೆಲೆಗಳ ನಡುವಣ ಬೆಳಕಿನ ಅಂತರ 4.5ಕ್ಕೆ 1ರಷ್ಟಾದರೂ ಇರಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕೆಂಪು ಹಸಿರುಗಳ ಭೇದ ತಿಳಿಯದವರೂ ನಮ್ಮಲ್ಲಿದ್ದಾರೆ. ಆದ್ದರಿಂದ ತಪ್ಪು ಸರಿಗಳನ್ನು ಬಣ್ಣದಿಂದ ಮಾತ್ರ ಸೂಚಿಸದೆ ಮಾತಿನಿಂದಲೂ ಸೂಚಿಸಬೇಕು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಇಂಥ ಸೇವೆಗಳು ಎಲ್ಲರಿಗೂ ನಿಲುಕುವಂತಿರಬೇಕೆಂದು ವಿಧಿಸುತ್ತದೆ.

ಹಾಗಾದರೆ ಈ ವಿದ್ಯೆಯನ್ನು ಕಲಿಯಬಯಸುವ ವಿದ್ಯಾರ್ಥಿ ಎಲ್ಲಿಂದ ಆರಂಭಿಸಬೇಕು? ತಂತ್ರಾಂಶದಿಂದಲ್ಲ, ಕಾಗದ ಮತ್ತು ಪೆನ್ಸಿಲಿನಿಂದ. ಬಸ್ ಪಾಸಿನ ಅರ್ಜಿಯನ್ನೋ ಶಾಲೆಯ ಗ್ರಂಥಾಲಯದ ಪುಸ್ತಕ ಕೇಳುವ ಅರ್ಜಿಯನ್ನೋ ಆರಿಸಿಕೊಳ್ಳಿ. ಅದರ ಒಂದೊಂದು ಪರದೆಯನ್ನೂ ಒಂದೊಂದು ಹಾಳೆಯ ಮೇಲೆ ಬರೆಯಿರಿ. ಅಜ್ಜಿಯ ಮುಂದೆಯೋ ನೆರೆಮನೆಯ ಕಾಕಾನ ಮುಂದೆಯೋ ಮೊದಲನೆಯ ಹಾಳೆಯನ್ನು ಇಟ್ಟು, 'ಈಗ ಎಲ್ಲಿ ಒತ್ತುತ್ತೀರಿ?' ಎಂದು ಕೇಳಿರಿ. ಅವರು ಬೆರಳಿಟ್ಟ ಗುಂಡಿಗೆ ತಕ್ಕ ಹಾಳೆಯನ್ನು ಮುಂದಿಡಿರಿ. ಅವರು ತಡೆದು ನಿಂತರೆ ಉತ್ತರವನ್ನು ಹೇಳಿಕೊಡಬೇಡಿ. ಎಲ್ಲಿ ನಿಂತರೆಂಬುದನ್ನು ಗುರುತು ಮಾಡಿಕೊಳ್ಳಿ. ಈ ಶಾಸ್ತ್ರದಲ್ಲಿ ಹೆಸರಾದ ಯಾಕೋಬ್ ನೀಲ್ಸನ್ ಎಂಬ ತಜ್ಞರು, ಇಂಥ ಪರೀಕ್ಷೆಯನ್ನು ಐವರೊಡನೆ ಮಾಡಿದರೆ ಮುಖ್ಯವಾದ ದೋಷಗಳಲ್ಲಿ ಬಹುಪಾಲು ಹೊರಬೀಳುತ್ತವೆ ಎಂದು ವಾದಿಸಿದ್ದಾರೆ. ಐವರು ಎಲ್ಲ ಊರಿನಲ್ಲಿಯೂ ಸಿಗುತ್ತಾರಲ್ಲವೆ? ದೋಷಗಳನ್ನು ತಿದ್ದಿದ ಮೇಲೆ ತಂತ್ರಾಂಶವನ್ನು ತೆರೆಯಿರಿ. ಆಗ ಅದು ನಿಮ್ಮನ್ನು ನಡೆಸದೆ, ನೀವು ಅದನ್ನು ನಡೆಸುವಿರಿ.

ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಕುಳಿತವರು ಮಾತ್ರ ಈ ಕೆಲಸಕ್ಕೆ ಯೋಗ್ಯರೆಂದು ಭಾವಿಸಬೇಕಾಗಿಲ್ಲ. ಉತಾರವೆಂದರೆ ಏನು, ಅಡ್ಡಹೆಸರನ್ನು ಎಲ್ಲಿ ಬರೆಯುತ್ತಾರೆ, ಮಳೆಗಾಲದಲ್ಲಿ ಸಂಪರ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಅವರು ಕೇಳಿ ತಿಳಿಯಬೇಕು. ಈ ನಾಡಿನ ಹುಡುಗ ಹುಡುಗಿಯರಿಗೆ ಅದು ಹುಟ್ಟಿನಿಂದ ಬಂದ ತಿಳಿವಳಿಕೆ. ಸಾಧನವನ್ನು ಒಂದು ತಿಂಗಳಿನಲ್ಲಿ ಕಲಿಯಬಹುದು. ಜನರನ್ನು ಅರಿಯಲು ಅವರ ನಡುವೆ ಬಾಳಬೇಕು. ಎರಡೂ ಒಂದೆಡೆ ಸೇರಿದಾಗ, ಯಾರ ಮುಂದೆಯೂ ಕೈಚಾಚದೆ ತನ್ನ ಜಮೀನಿನ ಪತ್ರವನ್ನು ತಾನೇ ತೆರೆದು ಓದಿಕೊಳ್ಳುವ ರೈತನನ್ನು ನಾವು ಕಾಣಬಹುದು. ಒಂದು ಪರದೆಯನ್ನು ಚೆನ್ನಾಗಿ ರಚಿಸಿದ್ದಾರೆಂದು ಹೇಳಲು ಇದಕ್ಕಿಂತ ಉತ್ತಮವಾದ ಒರೆಗಲ್ಲು ಇನ್ನೊಂದಿಲ್ಲ.